ಬೇಟೆಯವರ ಡೇರೆಯಲ್ಲಿ ಅವ್ವ

ಒಮ್ಮೆ ಬಿಚ್ಚಿದ ಡೇರೆ ತಾನು ಬಂದ ಚೀಲದೊಳಗೆ ಮತ್ತೆ ಹೋಗುವುದಿಲ್ಲ. ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತೆ? ಹಿರೇಕೆರೂರಿನ ಪೇಟೆಯಲ್ಲಿ ಮೀಸೆ ಬಂದಾಗಿನಿಂದ ಬಟ್ಟೆ ಅಂಗಡಿ ನಡೆಸಿಕೊಂಡು ಬಂದವನು ನಾನು. ಹೆಣ್ಣಿನವರು, ಗಂಡಿನವರು, ಅವರ ಬೀಗರು ಎಲ್ಲ ಸೇರಿ ಬಂದು, ಗಾದಿಯ ಮೇಲೆ ರಾಶಿ ಸೀರೆ ಹರವಿಸಿ, ಕೊನೆಗೆ "ಸೋಮವಾರ ಬರ್ತೇವ್ರಿ" ಎಂದು ಎದ್ದು ಹೋದ ಮೇಲೆ, ಒಳಗೊಳಗೇ ಬೈದುಕೊಳ್ಳುತ್ತ ಒಂದೊಂದನ್ನೂ ಹಳೆಯ ಗೆರೆಯ ಮೇಲೇ ಮಡಚಿ ಇಡುವ ಕೈ ಇದು. ಈ ಕೈಗೆ ಒಂದು ಡೇರೆ ಬಗ್ಗಲಿಲ್ಲ. ಈ ಕಡೆ ತುರುಕಿದರೆ ಆ ಕಡೆ ಹೊರಗೆ ಬರುತ್ತದೆ. ಗಾಳಿ ಬಿಡಿಸಲೆಂದು ಮೇಲೆ ಕುಳಿತೆ. ಅಷ್ಟರಲ್ಲಿ ಹೆಂಡತಿ ಗಿರಿಜಾ ಬಂದು ನೋಡಿ, "ಕಾವು ಕುಂತೀರೇನ್ರಿ?" ಎಂದು ಕೇಳಿ ಹೋದಳು.

ಅಟ್ಟ ಸ್ವಚ್ಛ ಮಾಡುವ ನೆವದಲ್ಲಿ ಇವತ್ತು ಅದು ಕೆಳಗಿಳಿಯಿತು. ಇಳಿದದ್ದೇ ತಡ, ಅಟ್ಟದ ಕೆಲಸ ಅಲ್ಲೇ ನಿಂತಿತು. ಧೂಳಿನ ನಡುವೆ ಕುಳಿತು ನಿಮಗೆ ಇದನ್ನು ಹೇಳುತ್ತಿದ್ದೇನೆ.

ಬಟ್ಟೆ ಅಂಗಡಿಯವನಿಗೆ ಡೇರೆ ಯಾಕೆ ಅಂತೀರಿ. ಹೊಲ ಇದೆಯಲ್ಲ, ಅದಕ್ಕೆ. ಊರು ದಾಟಿ, ಬಾಯಲ್ಲಿ ಹಾಕಿಕೊಂಡ ಸವಣೂರ ಎಲೆ ಅಡಿಕೆ ಮುಗಿಯುವುದರೊಳಗೆ ಸ್ಕೂಟರಿನ ಮೇಲೆ ಮುಟ್ಟುವಷ್ಟು ದೂರ. ಆಚೆ ಬದಿಗೆ ಕುರುಚಲು ಗುಡ್ಡ. ಬೋರಿನ ನೀರು ಇರುವುದರಿಂದ ಮಳೆಗಾಲ ಮುಗಿದ ಮೇಲೂ ಒಂದು ಬೆಳೆ ಗೋವಿನಜೋಳ ಹಾಕುತ್ತೇವೆ. ಅದು ಹಾಲುದೆನೆ ಆಗುವುದಕ್ಕೂ ಮಾಗಿಯ ಚಳಿ ಬೀಳುವುದಕ್ಕೂ ಗುಡ್ಡದ ಕಾಡುಹಂದಿಗಳಿಗೆ ನಮ್ಮ ವಿಳಾಸ ನೆನಪಾಗುವುದಕ್ಕೂ ಒಂದೇ ಕಾಲ. ತಿಂದು ಹೋದರೆ ಬೇಜಾರಿಲ್ಲ. ಹಂದಿ ತಿನ್ನುವುದು ಒಂದು ತೆನೆ, ಉರುಳಿ ಹಾಳು ಮಾಡುವುದು ಇಡೀ ಸಾಲು. ಕಾಯಲು ಆಳು ಸಿಗುವ ಕಾಲ ಇದಲ್ಲ. ನಾನೇ ಹೋಗಿ ಮಲಗಬೇಕು. ನನಗೋ, ಚಳಿ ಬಿದ್ದರೆ ಎದೆ ಕಟ್ಟುತ್ತದೆ. ಹಾಗಾಗಿ ಸ್ಕೂಟರಿನ ಕಾಲಡಿಗೆ ಇಟ್ಟುಕೊಳ್ಳುವಷ್ಟು ಹಗುರವಿರುವ, ಒಳಗೆ ಬೆಚ್ಚಗಿರುವ ಒಂದು ಗೂಡು ಬೇಕಾಗಿತ್ತು.

ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಫೋನಿನಲ್ಲಿ ಹುಡುಕಿದೆ. ಅಬ್ಬಬ್ಬಾ, ಏನು ನಮೂನೆ! ಗಾಳಿಪಟದಂಥವು, ಆಮೆಯಂಥವು, ಒಂದೇ ಕೋಲಿನ ಮೇಲೆ ನಿಲ್ಲುವಂಥವು. ನನ್ನ ಕಷ್ಟ ಏನೆಂದರೆ, ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕದೆ ನನಗೆ ಅದರ ಗುಣ ಗೊತ್ತಾಗುವುದಿಲ್ಲ. ನನಗೇ ಗೊತ್ತಿಲ್ಲದೆ ಫೋನಿನ ಗಾಜನ್ನೇ ತಿಕ್ಕಿದೆ. ಚಿತ್ರ ಹಾರಿಹೋಗಿ ಪ್ರೆಶರ್ ಕುಕ್ಕರಿನ ಜಾಹೀರಾತು ಬಂತು.

ಕೊನೆಗೆ ನನ್ನ ಮನಸ್ಸು ಹೋದದ್ದು ಬೇಟೆಗಾರರ ಡೇರೆಯ ಮೇಲೆ. ಹೊರದೇಶದಲ್ಲಿ ಹಿಮದ ಕಾಡಿನೊಳಗೆ ಜಿಂಕೆ ಬೇಟೆಗೆ ಹೋಗುವವರು ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಾರಂತೆ. ಒಳಗೆ ತಗಡಿನ ಸಣ್ಣ ಒಲೆ ಹಚ್ಚಿ, ಅದರ ಕೊಳವೆಯನ್ನು ಡೇರೆಯ ತೂತಿನಿಂದ ಹೊರಗೆ ಬಿಟ್ಟರೆ ಹೊಗೆ ಮೇಲೆ ಹೋಗುತ್ತದೆ, ಶಾಖ ಒಳಗೆ ಉಳಿಯುತ್ತದೆ. ಕೊಂಡವರ ಅಭಿಪ್ರಾಯಗಳನ್ನು ಫೋನೇ ಕನ್ನಡ ಮಾಡಿ ಕೊಟ್ಟಿತು. ಎಂಥ ಕನ್ನಡ ಅಂತ ಮಾತ್ರ ಕೇಳಬೇಡಿ. ಒಬ್ಬ ಬರೆದಿದ್ದ: ವಾರವೆಲ್ಲ ಹಿಮದಲ್ಲಿ ಕುಳಿತೆ, ಒಂದು ಜಿಂಕೆಯೂ ಕಾಣಲಿಲ್ಲ, ಆದರೆ ಬೆಚ್ಚಗಿದ್ದೆ, ಬಹಳ ಸಂತೋಷವಾಗಿದ್ದೆ. ಆ ಮನುಷ್ಯನ ಮೇಲೆ ನನಗೆ ಪ್ರೀತಿಯೇ ಹುಟ್ಟಿತು. ಬೇಟೆಗಾರ ಅಂದರೆ ಹೀಗಿರಬೇಕು.

"ಬ್ಯಾಟಿ ಆಡೂ ಮಂದಿ ಡೇರೆ ನಿಮಗ್ಯಾಕ್ರಿ?" ಎಂದಳು ಗಿರಿಜಾ. ಅವಳು ಹತ್ತಿಮತ್ತೂರಿನ ಹೆಣ್ಣು, ಮಾತು ಮುಚ್ಚಿಟ್ಟುಕೊಳ್ಳುವ ಪೈಕಿ ಅಲ್ಲ. "ಪಡಸಾಲ್ಯಾಗ ಹಲ್ಲಿ ಬಿದ್ರ ನನ್ನ ಕರೀತೀರಿ."

"ಹಂದಿ ಹೊಡಿಯಾಕಲ್ಲ, ಓಡಸಾಕ" ಎಂದೆ. ಹಂದಿಯನ್ನು ಕೊಲ್ಲುವುದು ಕಾನೂನಿಗೂ ಒಗ್ಗುವುದಿಲ್ಲ, ನನ್ನ ಮೈಗೂ ಒಗ್ಗುವುದಿಲ್ಲ. ನನ್ನ ಆಯುಧ ಒಂದು ಖಾಲಿ ಎಣ್ಣೆ ಡಬ್ಬಿ, ಬಡಿಯಲು ಒಂದು ಕೋಲು, ಒಂದು ಬ್ಯಾಟರಿ.

ಹಗುರ, ಬೆಚ್ಚಗೆ ಅಂದಾಗ ನನಗೆ ನೆನಪಾಗುವುದೇ ಬೇರೆ. ನಾವು ಸಣ್ಣವರಿದ್ದಾಗ ಮಳೆಗೆ ಕೊಡೆ ಎಲ್ಲಿತ್ತು? ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತಳ್ಳಿದರೆ ಕೊಪ್ಪೆ ಆಯಿತು. ತಲೆಯ ಮೇಲೆ ಏರಿಸಿಕೊಂಡು ಶಾಲೆಗೆ ನಡೆದರೆ ಒಳಗೆ ನಮ್ಮದೇ ಉಸಿರಿನ ಶಾಖ, ಹಿಂದಿನ ವರ್ಷ ಅದರಲ್ಲಿ ತುಂಬಿದ್ದ ಶೇಂಗಾದ ವಾಸನೆ. ಹೊರಗೆ ಮಳೆ ಬಡಿಯುತ್ತಿದ್ದರೆ ನಾನು ಒಳಗೆ ಒಬ್ಬನೇ ರಾಜ. ಶಾಲೆ ಬಂದರೂ ತೆಗೆಯಲು ಮನಸ್ಸಾಗುತ್ತಿರಲಿಲ್ಲ. ಮಾಸ್ತರರು ಎಳೆದು ತೆಗೆಯುತ್ತಿದ್ದರು.

ಹೊಲದಲ್ಲಿ ಆಗ ಅಪ್ಪನ ಮಂಚಿಕಿ ಇತ್ತು. ನಾಲ್ಕು ಗೂಟ ಹುಗಿದು, ಮೇಲೆ ಹಲಗೆ ಹಾಸಿ, ಜೋಳದ ದಂಟಿನ ಮಾಡು ಹೊದಿಸಿದ ಕಾವಲಿನ ಅಟ್ಟ ಅದು. ಸುಗ್ಗಿಯ ಕಾಲದಲ್ಲಿ ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಸಂಜೆಯೇ ಹೋಗುತ್ತಿದ್ದ. ಹೊತ್ತು ಇಳಿಯುವಾಗ ಅವ್ವ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದಳು, ಅವಳ ಸೆರಗು ಹಿಡಿದು ನಾನು. ಬದುವಿನ ಮೇಲೆ ನಿಂತೇ ಬುತ್ತಿ ಕೊಡುವುದು, ನಿಂತೇ ತಿರುಗುವುದು. "ಹೊತ್ತ ಮುಳುಗಾಕತ್ತೈತಿ, ನಡೀರಿನ್ನ" ಎನ್ನುತ್ತಿದ್ದ ಅಪ್ಪ. ಬರುವಾಗ ಸರಸರ ಬಂದವಳು ಮರಳಿ ಹೋಗುವಾಗ ಮಾತ್ರ ನಿಂತು ನಿಂತು ನಡೆಯುತ್ತಿದ್ದಳು. ಹಿಂದೆ ನೋಡುತ್ತಿದ್ದಳು. ಕಾಲಲ್ಲಿ ಮುಳ್ಳು ಹೊಕ್ಕಿದೆಯೇನೋ ಅಂದುಕೊಳ್ಳುತ್ತಿದ್ದೆ ನಾನು.

ಡೇರೆ ಬಂತು. ತಗಡಿನ ಒಲೆ ಬರಲಿಲ್ಲ, ಅದು ಬೇರೆ ಪಾರ್ಸಲ್ಲು. ಶಿಗ್ಗಾವಿಯಲ್ಲಿದೆ ಎಂದು ಫೋನು ದಿನಾ ತೋರಿಸುತ್ತಿತ್ತು. ಅಲ್ಲಿ ಯಾವ ನೆಂಟರ ಮನೆಯಲ್ಲಿ ಉಳಿದಿತ್ತೋ ದೇವರಿಗೇ ಗೊತ್ತು. ಇರಲಿ ಎಂದು ಡೇರೆಯನ್ನು ಪಡಸಾಲೆಯಲ್ಲೇ ನಿಲ್ಲಿಸಿದೆ. ಅವ್ವ ಅದರ ಸುತ್ತ ಒಂದು ಸುತ್ತು ಹಾಕಿದಳು. ಎಪ್ಪತ್ತು ದಾಟಿದವಳು, ಮೊಣಕಾಲು ಹಿಡಿಯುತ್ತವೆ. ಆದರೂ ಬಗ್ಗಿ, ತೆವಳಿ ಒಳಗೆ ಹೊಕ್ಕಳು. ಹೊಕ್ಕವಳು ಬಹಳ ಹೊತ್ತು ಹೊರಗೆ ಬರಲೇ ಇಲ್ಲ.

"ಅವ್ವಾ, ಏನ ಮಾಡಾಕತ್ತೀ ಬೇ ಒಳಗ?"

"ಬಸು," ಎಂದಳು ಒಳಗಿನಿಂದಲೇ, "ನಾ ಒಂದಿನ ಹೊಲದಾಗ ಇದರಾಗ ಮಲಗಬೇಕೋ."

ನಾನು ನಕ್ಕೆ. ಅವಳು ನಗಲಿಲ್ಲ. ತಲೆ ಹೊರಗೆ ಹಾಕಿ ಹೇಳಿದಳು: "ಈ ಮನಿಗೆ ಸೊಸಿಯಾಗಿ ನಡಿಯಾಕ ಬಂದಾಗಿಂದ ಆ ಹೊಲದಾಗ ಬಿತ್ತೇನಿ, ಕಳೆ ತಗದೇನಿ, ರಾಶಿ ಮಾಡೇನಿ. ಒಂದ ರಾತ್ರಿ ಅಲ್ಲೆ ಮಲಗಿಲ್ಲ. ನಿಮ್ಮಪ್ಪ ಮಲಗ್ಯಾರ, ಆಳು ಮಲಗ್ಯಾರ, ಎತ್ತು ಮಲಗ್ಯಾವು, ನಾಯಿ ಸುದ್ದಾ ಮಲಗೇತಿ. ನಾ ಒಬ್ಬಾಕೀನ ಮಲಗಿಲ್ಲ. ಕೇಳಿದ್ರ, ಹೆಂಗಸರು ಹೊಲದಾಗ ಮಲಗ್ತಾರೇನು ಅಂತಿದ್ರು ನಮ್ಮತ್ತಿ. ಆಮ್ಯಾಲೆ ಕೂಸು, ಆಮ್ಯಾಲೆ ಎಮ್ಮಿ, ಆಮ್ಯಾಲೆ ಮೊಣಕಾಲು. ಸಾಯೂದ್ರಾಗ ಒಂದ ರಾತ್ರಿ ನನ್ನ ಹೊಲದಾಗ ಮಲಗಿ ಏಳಬೇಕು ಅಂತ ಆಸೆ ಐತಿ."

"ಅಯ್ಯ, ಮಲಗಿಯಂತ ಬಿಡ ಬೇ" ಎಂದೆ. ಬಾಯಿಮಾತಿಗೆ ಹೇಳುತ್ತೇವಲ್ಲ, ಹಾಗೆ. ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮರುದಿನ ನಾನು ಅಂಗಡಿಯಲ್ಲಿದ್ದಾಗ ಮನೆಯಲ್ಲಿ ಒಂದು ಕಾರಭಾರ ನಡೆಯಿತು. ಒಲೆಯ ಕೊಳವೆ ಹೊರಗೆ ಹೋಗಲು ಡೇರೆಯ ಮೇಲ್ಭಾಗದಲ್ಲಿ ಕೈ ಹೋಗುವಷ್ಟು ಒಂದು ದುಂಡನೆಯ ತೂತು ಇತ್ತಲ್ಲ, ಅದು ಅವ್ವನ ಕಣ್ಣಿಗೆ ಬಿದ್ದಿತು. ನಮ್ಮವ್ವ ಕೌದಿ ಹೊಲಿಯುವುದರಲ್ಲಿ ಓಣಿಗೇ ಹೆಸರುವಾಸಿ. ಹಳೆಯ ಸೀರೆ, ಧೋತರ ಪದರ ಪದರ ಇಟ್ಟು ಅವಳು ಹೊಲಿದ ಕೌದಿ ಹೊದ್ದು ಬೆಳೆದವರು ನಾವು. ಮನೆಯಲ್ಲಿ ಎಲ್ಲಿ ತೂತು ಕಂಡರೂ ಅವಳ ಕೈ ತುರಿಸುತ್ತದೆ. ಸಂಜೆ ಬಂದು ನೋಡುತ್ತೇನೆ, ಹಳೆಯ ಇಳಕಲ್ಲ ಸೀರೆಯ ಎರಡು ಪದರ ಇಟ್ಟು, ಇರುವೆಯ ಸಾಲಿನಂಥ ಹೊಲಿಗೆ ಹಾಕಿ, ನಾಲ್ಕು ಮೂಲೆಗೆ ನಾಲ್ಕು ಬಣ್ಣದ ತುಂಡು ಕೂಡಿಸಿ ತೂತನ್ನು ಭದ್ರವಾಗಿ ಮುಚ್ಚಿದ್ದಾಳೆ.

"ಇಷ್ಟ ದಿನಾ ಬಟ್ಟಿ ವ್ಯಾಪಾರ ಮಾಡಿ, ಹರಕ ಬಟ್ಟಿ ತಂದಿಯಲ್ಲೋ" ಎಂದಳು.

ಬೈಯಬೇಕಿತ್ತು. ಬೈಯಲಿಲ್ಲ. ಕಸೂತಿ ಹಾಕಿಸಿಕೊಂಡ ಡೇರೆ ಜಗತ್ತಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ ಎಂದು ನನಗೆ ಖುಷಿಯೇ ಆಯಿತು. ಒಲೆ ಬಂದಾಗ ಬಿಚ್ಚಿದರಾಯಿತು, ಅಲ್ಲಿಯತನಕ ಗಾಳಿಯಾದರೂ ನಿಲ್ಲುತ್ತದೆ ಎಂದುಕೊಂಡೆ. ಡೇರೆಯ ಜೊತೆಗೆ ಬಂದ ಕಾಗದದಲ್ಲಿ ಚಿತ್ರಗಳಿದ್ದವು. ಒಂದರಲ್ಲಿ ಉರಿಯುವ ಬೆಂಕಿ, ಅದರ ಮೇಲೆ ಅಡ್ಡ ಗೀಟು. ಡೇರೆಗೆ ಬೆಂಕಿ ಹಚ್ಚಬೇಡಿ ಅಂತ ಇರಬೇಕು, ಅಷ್ಟು ನಮಗೂ ತಿಳಿಯುತ್ತದೆ ಎಂದು ಮಡಚಿ ಇಟ್ಟೆ.

ಕೆಲವು ದಿನ ನಾನೇ ಹೋಗಿ ಮಲಗಿದೆ. ಡೇರೆ ಹಗುರವಿತ್ತು. ಬೆಚ್ಚಗಿರಲಿಲ್ಲ. ಮಂಜು ಬಿದ್ದು ಮುಂಜಾನೆ ಒಳಗೆಲ್ಲ ಪಸೆ. ನನ್ನ ಕೆಮ್ಮು ಕೇಳಿ ಅವ್ವನೇ ಉಪಾಯ ತೆಗೆದಳು.

"ಒಲಿ ದಾರಿ ಕಾಯೂದ್ಯಾಕ? ಅಗ್ಗಿಷ್ಟಿಗಿ ಇಡು. ಕುಳ್ಳಿನ ಕೆಂಡಕ್ಕ ಹೊಗಿ ಇರೂದಿಲ್ಲ, ಏನಿಲ್ಲ. ನಿನ್ನ ಹಡದಾಗ ಹಿಂಗ ಮಾಗಿ ಚಳಿ. ಬಾಣಂತಿ ಹೊರಸಿನ ಕೆಳಗ ಕೆಂಡ ಇಟ್ಟು, ಬಾಗಲಾ ಹಾಕಿ ಮಲಗಿಸಿದ್ರು. ನೀ ಏನ ಸತ್ತೇನು?"

ಸತ್ತಿರಲಿಲ್ಲ. ಎದುರಿಗೇ ಕುಳಿತಿದ್ದೆ. ಇಂಥ ಸಾಕ್ಷಿಯ ಮುಂದೆ ಏನು ವಾದ ಮಾಡುವುದು? ಆ ಬಾಣಂತಿ ಕೋಣೆಗೆ ಹಂಚಿನ ಮಾಡು ಇತ್ತು, ಗೋಡೆಯಲ್ಲಿ ಗವಾಕ್ಷಿ ಇತ್ತು, ಬಾಗಿಲ ಸಂದಿಯಲ್ಲಿ ಬೆಕ್ಕು ಓಡಾಡುತ್ತಿತ್ತು ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಒಂದು ಸಂಜೆ ಅವ್ವ ಹೊಲ ನೋಡಿ ಬರುತ್ತೇನೆಂದು ನನ್ನ ಜೊತೆ ಹೊರಟಳು. "ಹೊತ್ತ ಮುಳುಗೂದ್ರಾಗ ಅತ್ತೀನ ಕರ್ಕೊಂಡು ಬಂದಬಿಡ್ರಿ" ಎಂದು ಗಿರಿಜಾ ತಾಕೀತು ಮಾಡಿದಳು. ಅವ್ವ "ಹೂಂ ಹೂಂ" ಎಂದಳು. ಅವಳ ಕೈಚೀಲ ಅಷ್ಟು ಉಬ್ಬಿದ್ದು ಯಾಕೆಂದು ಹೊಲಕ್ಕೆ ಹೋದ ಮೇಲೆ ಗೊತ್ತಾಯಿತು. ಒಳಗೆ ಒಂದು ಕೌದಿ, ಒಂದು ಹಾಲಿನ ಗಿಂಡಿ, ಒಂದು ಕಬ್ಬಿಣದ ಬಾಣಲೆ, ನಾಲ್ಕು ಸಗಣಿ ಕುಳ್ಳು. ಯಾವ ಸೂರಾದರೂ ಹೊಸದೆಂದ ಮೇಲೆ ಹಾಲು ಉಕ್ಕಿಸದೆ ಮಲಗಬಾರದು ಎಂಬುದು ಅವಳ ಶಾಸ್ತ್ರ. ಮೂರು ಕಲ್ಲು ಇಟ್ಟು, ಡೇರೆಯ ಮುಂದೆ ಬೆಂಕಿ ಹಾಕಿ ಹಾಲು ಕಾಯಿಸಿದಳು. ಮೂಡಣ ದಿಕ್ಕಿಗೇ ಉಕ್ಕಿತು. ಅವಳ ಮುಖ ನೋಡಬೇಕಿತ್ತು ನೀವು!

"ಇವತ್ತ ಇಲ್ಲೇ ಮಲಗ್ತೇನಿ. ಗಿರಿಜಾಗ ಫೋನ್ ಮಾಡಿ ಹೇಳು" ಎಂದಳು. ಉಳಿದ ಕೆಂಡವನ್ನು ಕಬ್ಬಿಣದ ಬಾಣಲೆಗೆ ತೋಡಿಕೊಂಡು ಒಳಗೆ ಇಟ್ಟುಕೊಂಡಳು. ಗಾಳಿ ಜೋರಿತ್ತು. ಹಿಂದಿನ ಬಾಗಿಲು ಮುಚ್ಚಿಯೇ ಇತ್ತು, ಮುಂದಿನದರ ಜಿಪ್ಪನ್ನು ಅವಳೇ ಎಳೆದುಕೊಂಡಳು.

ನಾನು ಡಬ್ಬಿ ಬಡಿಯುತ್ತ ಹೊಲದ ಸುತ್ತ ಹೋದೆ. ಆ ಬದುವಿನಲ್ಲಿ ಬಾಜೂ ಹೊಲದ ಹನುಮಂತಪ್ಪ ಸಿಕ್ಕ. ಅವನ ಹೊಲಕ್ಕೆ ಬಿದ್ದ ಹಂದಿ, ನನ್ನ ಹೊಲಕ್ಕೆ ಬಿದ್ದ ಹಂದಿ, ಎರಡೂ ಒಂದೇ ಏನು ಎಂದು ಮಾತಾಡಿಕೊಂಡು ಡೇರೆಯ ಕಡೆಗೇ ಬಂದೆವು.

"ಒಳಗ ಯಾರ ಅದಾರ್ರಿ?"

"ಅವ್ವ."

"ದನೀನ ಇಲ್ಲಲ್ರಿ?"

ನಮ್ಮವ್ವ ಸುಮ್ಮನಿರುವುದು ಎರಡೇ ಹೊತ್ತಿನಲ್ಲಿ: ಪೂಜೆಗೆ ಕುಳಿತಾಗ, ಬಾಯಲ್ಲಿ ಸೂಜಿ ಕಚ್ಚಿಕೊಂಡಾಗ. ಕೂಗಿದೆ. ಮತ್ತೆ ಕೂಗಿದೆ. ಜಿಪ್ಪು ಎಳೆದರೆ ಬಟ್ಟೆಯನ್ನು ಕಚ್ಚಿ ನಿಂತಿತು. ಹನುಮಂತಪ್ಪ ಎರಡೂ ಕೈಯಿಂದ ಜಗ್ಗಿ ಬಾಗಿಲನ್ನೇ ಹರಿದ. ಒಳಗಿನಿಂದ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಹೊಗೆ ಇಲ್ಲ, ವಾಸನೆ ಇಲ್ಲ. ಅವ್ವ ಕುಳಿತಲ್ಲೇ ಒಂದು ಕಡೆಗೆ ವಾಲಿ ಬಿದ್ದಿದ್ದಳು, ಒಂದು ಕೈ ಹಣೆಯ ಮೇಲೆ.

ಇಬ್ಬರೂ ಹಿಡಿದು ಹೊರಗೆ ಎಳೆದು ಬದುವಿನ ಮೇಲೆ ಮಲಗಿಸಿದೆವು. ತಣ್ಣನೆಯ ಗಾಳಿ ಬೀಸುತ್ತಿತ್ತು. "ಅವ್ವಾ, ಅವ್ವಾ" ಎನ್ನುವುದು ಬಿಟ್ಟರೆ ನನ್ನ ಬಾಯಿಗೆ ಬೇರೆ ಮಾತು ಬರಲಿಲ್ಲ. ನಾನು ಅಳುತ್ತಿದ್ದೆ. ಅಷ್ಟು ದೊಡ್ಡ ಗಂಡಸು ಬೆಳೆದ ಜೋಳದ ನಡುವೆ ಕುಳಿತು ಕೂಸಿನ ಹಾಗೆ ಅತ್ತೆ. ಸ್ವಲ್ಪ ಹೊತ್ತಿಗೆ ಅವಳು ಕೆಮ್ಮಿ, ಕುಡಿದ ಹಾಲು ಕಕ್ಕಿ, ಕಣ್ಣು ಬಿಟ್ಟಳು. ನನ್ನ ಮುಖ ನೋಡಿ ಮೊದಲು ಕೇಳಿದ್ದು ಇಷ್ಟೇ:

"ಬೆಳಗಾತೇನೋ?"

ಪಡುವಣದಲ್ಲಿ ಇನ್ನೂ ಕೆಂಪು ಇತ್ತು. ಹೊತ್ತು ಪೂರ್ತಿ ಮುಳುಗಿರಲೂ ಇಲ್ಲ.

ಡಾಕ್ಟರು ಆಮ್ಲಜನಕ ಹಚ್ಚಿ, ಒಂದು ದಿನ ಇಟ್ಟುಕೊಂಡು ಕಳಿಸಿದರು. ಮುಚ್ಚಿದ ಜಾಗದಲ್ಲಿ ಕೆಂಡ ಇಟ್ಟರೆ ಗಾಳಿಯೇ ವಿಷವಾಗುತ್ತದೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯ ಹಾಗೆ ಬಂದು ಒಯ್ಯುತ್ತದೆ, ಇನ್ನೊಂದಿಷ್ಟು ತಡವಾಗಿದ್ದರೆ ನೀವು ಇಲ್ಲಿಗೆ ಬರುವುದೇ ಬೇಡವಾಗಿತ್ತು ಎಂದರು. ಹಾನಗಲ್ಲಿಗೆ ಕೊಟ್ಟ ನಮ್ಮ ಅಕ್ಕ ಫೋನಿನಲ್ಲಿ, "ಬಟ್ಟಿ ಮಾರೂದ ಬಿಟ್ಟು ಬ್ಯಾಟಿಗಾರ ಆಗಾಕ ಹೋಗ್ಯಾನ, ನನ್ನವ್ವನ್ನ ಬ್ಯಾಟಿ ಆಡಾಕತ್ತಿದ್ದ" ಎಂದು ಅತ್ತು, ಬೈದು, ಮತ್ತೆ ಅತ್ತಳು. ಅವ್ವ ಇನ್ನು ಹೊಲಕ್ಕೆ ಕಾಲಿಡಬಾರದೆಂದು ಮನೆಮಂದಿಯೆಲ್ಲ ಠರಾವು ಮಾಡಿದೆವು. ನಾನೂ ಕೈ ಎತ್ತಿದೆ.

ಅವ್ವ ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತು, ಡೇರೆಯ ತೂತಿನ ಮೇಲೆ ತಾನೇ ಹಾಕಿದ ಹೊಲಿಗೆಯನ್ನು ತಾನೇ ಒಂದೊಂದಾಗಿ ಬಿಚ್ಚಿದಳು. ಹನುಮಂತಪ್ಪ ಹರಿದ ಬಾಗಿಲಿಗೆ ಕಟ್ಟಲು ಲಾಡಿ ಹಚ್ಚಿದಳು. ಕೆಲಸ ಮುಗಿದ ಮೇಲೆ ಮಡಿಲಲ್ಲಿ ಕೈ ಇಟ್ಟುಕೊಂಡು, "ಆ ಹೊಲಕ್ಕ ನಾ ಬ್ಯಾಡಾಗೇನಿ ಬಿಡು" ಎಂದಳು. ಅಷ್ಟೇ. ಆಮೇಲೆ ಆ ಮಾತು ಎತ್ತಲಿಲ್ಲ.

ತಗಡಿನ ಒಲೆ ಕೊನೆಗೂ ಬಂತು. ಅದರ ಡಬ್ಬಿ ಬಿಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. ಜೋಳ ಒಣಗುತ್ತಿತ್ತು. ತೆನೆ ಮುರಿಯಲು ಆಳುಗಳಿಗೆ ದಿನ ಗೊತ್ತು ಮಾಡಿದೆ. ಮುರಿದ ಮೇಲೆ ಕಾವಲಿಲ್ಲ, ಕಾವಲಿಲ್ಲದಿದ್ದರೆ ಡೇರೆ ಇಲ್ಲ. ಇನ್ನೊಂದು ಮಾಗಿ ಬರುವ ಹೊತ್ತಿಗೆ ಅವ್ವನ ಮೊಣಕಾಲು ಹೇಗಿರುತ್ತವೋ, ಅವ್ವ ಹೇಗಿರುತ್ತಾಳೋ. ಇದನ್ನೆಲ್ಲ ನಾನು ಯೋಚಿಸುತ್ತಿದ್ದೆ, ಹೇಳುವ ಧೈರ್ಯವಿರಲಿಲ್ಲ. ಹೇಳಿದವಳು ಗಿರಿಜಾ. ಎಲ್ಲರಿಗಿಂತ ಹೆಚ್ಚು ಬೈದವಳೂ ಅವಳೇ ಆಗಿದ್ದಳು. ಆಳು ಬರುವ ಹಿಂದಿನ ದಿನ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು:

"ಅತ್ತೀನ ಇವತ್ತ ಕರ್ಕೊಂಡು ಹೋಗ್ರಿ."

"ಏನಂದಿ?"

"ಕೆಂಡ ಬ್ಯಾಡ, ಒಲಿ ಬ್ಯಾಡ, ಏನೂ ಬ್ಯಾಡ. ಎರಡೂ ಬಾಗಲಾ ತಗದು ಕಟ್ರಿ. ಬಿಸಿನೀರಿನ ರಬ್ಬರ್ ಚೀಲ ಕೊಡ್ತೇನಿ, ಕಾಲಿಗೊಂದು, ಬೆನ್ನಿಗೊಂದು. ಮ್ಯಾಲೆ ಕಂಬಳಿ, ಅದರ ಮ್ಯಾಲೆ ಕೌದಿ. ನೀವು ಬಾಜೂಕ ಮಲಗ್ರಿ. ಬಸರಿದ್ದಾಗ ಸುದ್ದಾ ಒಂದ ಆಸೆ ಹೇಳಲಿಲ್ಲಂತ ಅವರು. ಈಗ ಒಂದ ಹೇಳ್ಯಾರ."

ಬೆಚ್ಚನೆಯ, ಹಗುರವಾದ ಗೂಡನ್ನು ಫೋನಿನಲ್ಲಿ ನಾನು ಅಷ್ಟು ದಿನ ಹುಡುಕಿದ್ದೆ. ರೊಟ್ಟಿ ಬಡಿಯುತ್ತ ಗಿರಿಜಾ ಅದನ್ನು ಒಂದು ಉಸಿರಿನಲ್ಲಿ ಕಟ್ಟಿಕೊಟ್ಟಳು.

ಅವ್ವನಿಗೆ ಹೇಳಿದಾಗ ಒಮ್ಮೆಲೇ ನಂಬಲಿಲ್ಲ. ಆಮೇಲೆ ಹೋಗಿ ಒಗೆದಿಟ್ಟ ಸೀರೆ ಉಟ್ಟು ಬಂದಳು. ಸ್ಕೂಟರಿನ ಮೇಲೆ ಹಿಂದೆ ಕುಳಿತು ಹೆಗಲು ಹಿಡಿದವಳ ಕೈ ಬಿಗಿಯಾಗಿತ್ತು. ಡೇರೆಯ ಎರಡೂ ಬಾಗಿಲು ಸುತ್ತಿ ಮೇಲೆ ಕಟ್ಟಿದೆ. ತೂತು ತೆರೆದೇ ಇತ್ತು. ಅವ್ವ ತಲೆಯನ್ನು ಬಾಗಿಲ ಕಡೆಗೆ ಹಾಕಿ ಮಲಗಿದಳು, ಆಕಾಶ ಕಾಣಲಿ ಎಂದು. ಗುಡ್ಡದ ಕಡೆಯಿಂದ ಗಾಳಿ ಬಂದಾಗ ಒಣಗಿದ ಜೋಳದ ಗರಿ ಸರಸರ ಎನ್ನುತ್ತಿದ್ದವು. "ಚಳಿ ಆಗಾಕತ್ತೈತೇನ ಬೇ?" ಎಂದು ಕೇಳಿದೆ. "ಸುಮ್ಮನಿರು, ಕೇಳಾಕತ್ತೇನಿ" ಎಂದಳು.

ರಾತ್ರಿಯ ಸಂಗತಿ ಏನು ಹೇಳಲಿ, ನಾನು ಮಲಗಿಬಿಟ್ಟೆ. ಅವಳ ಉಸಿರು ನೋಡಿಕೊಂಡು ಎದ್ದೇ ಇರಬೇಕೆಂದು ಶಪಥ ಮಾಡಿದ್ದವನು ಎಚ್ಚರವಾದಾಗ ಮೂಡಣ ಬೆಳ್ಳಗಾಗಿತ್ತು. ಬಾಜೂ ಹಾಸಿಗೆ ಖಾಲಿ. ಬರಿಗಾಲಲ್ಲಿ ಹೊರಗೆ ಓಡಿದೆ.

ಅವ್ವ ಬದುವಿನ ಮೇಲೆ ಕೌದಿ ಹೊದ್ದು ಕುಳಿತಿದ್ದಳು. ಮಂಜು ಇನ್ನೂ ಹರಿದಿರಲಿಲ್ಲ. ಗುಡ್ಡದ ಬದಿಗೆ ಎರಡು ಸಾಲು ಜೋಳ ನೆಲಕ್ಕೆ ಮಲಗಿತ್ತು. ಹಂದಿಗಳು ಬಂದು, ಉಂಡು, ಉರುಳಾಡಿ, ಹೋಗಿಯೂ ಆಗಿತ್ತು.

"ನನ್ನ ಎಬ್ಬಿಸಬಾರದೇನ ಬೇ?"

"ಹೆಂಗ ಎಬ್ಬಿಸಲಿ? ನಾನೂ ಮಲಗಿದ್ದೆ."

ಹಾದಿಯಲ್ಲಿ ಇನ್ನೊಂದು ಸ್ಕೂಟರಿನ ಸದ್ದಾಯಿತು. ಪಕ್ಕದ ಮನೆಯವರ ಗಾಡಿ ಕೇಳಿ ತೆಗೆದುಕೊಂಡು ಗಿರಿಜಾ ಬಂದಿದ್ದಳು, ಕೈಯಲ್ಲಿ ಚಹಾದ ಥರ್ಮಾಸು, ಉಪ್ಪಿಟ್ಟಿನ ಡಬ್ಬಿ. ಅವಳ ಕಣ್ಣು ನೋಡಿದರೆ ರಾತ್ರಿಯೆಲ್ಲ ಅವಳೊಬ್ಬಳು ನಿದ್ದೆ ಮಾಡಿರಲಿಲ್ಲ ಎಂದು ಗೊತ್ತಾಗುತ್ತಿತ್ತು. ಅತ್ತೆ ಕುಳಿತದ್ದು ಕಂಡ ಮೇಲೆ ಅವಳ ನಡಿಗೆ ನಿಧಾನವಾಯಿತು.

"ನಿದ್ದಿ ಬಂತೇನ್ರಿ ಅತ್ತಿ?"

ಅವ್ವ ತಟ್ಟನೆ ನಗಲು ಹತ್ತಿದಳು. ಬಾಯಿಗೆ ಸೆರಗು ಹಿಡಿದು ನಕ್ಕಳು.

"ಏ ಗಿರಿಜಾ, ನಿಮ್ಮ ಮಾವ ದಿನಾ ಮುಂಜಾನೆ ಇಲ್ಲಿಂದ ಬಂದು ಕಟ್ಟಿ ಮ್ಯಾಲೆ ಕುಂತು, ‘ಕಣ್ಣಿಗೆ ಕಣ್ಣ ಹಚ್ಚಿಲ್ಲ, ಮೈ ಮುರದ ಬಿದ್ದೈತಿ’ ಅಂತಿದ್ರು. ಪಾಪ ಅಂತ ನೀರ ಕಾಸಿ ಕೊಟ್ಟು, ಕಾಲ ಒತ್ತಿ, ರೊಟ್ಟಿಗೆ ಬೆಣ್ಣಿ ಹೆಚ್ಚ ಹಾಕ್ತಿದ್ದೆ ನಾ. ಏನ ನಿದ್ದಿ ಬರ್ತೈತವಾ ಇಲ್ಲೆ! ಹುಟ್ಟಿದಾಗಿಂದ ಇಂಥಾ ನಿದ್ದಿ ಮಾಡಿಲ್ಲ ನಾ. ಕೂಸು ಅಳೂದಿಲ್ಲ, ಎಮ್ಮಿ ಒದರೂದಿಲ್ಲ, ಏಳು ಅನ್ನಾವ್ರಿಲ್ಲ. ಕಳ್ಳ ಮನಿಷ್ಯಾ!"

ಮೂವರೂ ನಕ್ಕೆವು. ನಗುತ್ತ ನಗುತ್ತಲೇ ಅವ್ವನ ಕಣ್ಣು ತುಂಬಿದವು. ಕೌದಿಯ ಅಂಚಿನಿಂದ ಒರೆಸಿಕೊಂಡಳು.

"ಸುಳ್ಳ ಹೇಳಿದ್ದಕ್ಕ ಸಿಟ್ಟಿಲ್ಲ ನನಗ. ಇಷ್ಟ ಛಲೋ ಇತ್ತು. ಒಂದಿನಾರ ನೀನೂ ಬಾ ಅನ್ನಲಿಲ್ಲಲ್ಲೋ."

ಅಪ್ಪನ ಪರವಾಗಿ ಏನಾದರೂ ಹೇಳಬೇಕೆನಿಸಿತು. ಬಗ್ಗಿ ಚಹಾ ಬಸಿಯುತ್ತಿದ್ದ ಗಿರಿಜಾಳ ಕಡೆ ತಿರುಗಿ, "ಬರೂ ಸುಗ್ಗಿಗೆ ನೀನೂ ಬಾ" ಎಂದೆ.

ಅವಳು ತಲೆ ಎತ್ತಲಿಲ್ಲ. "ಕಾವಲಾ ಮುಗದ ದಿನಾ ನೆನಪಾದ್ನೇನ್ರಿ ನಾ?" ಎಂದಳು.

ಅವ್ವ ನನ್ನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಥರ್ಮಾಸನ್ನು ಅವಳ ಕೈಯಿಂದ ಕಸಿದುಕೊಂಡಳು.

"ಬರೂ ಸುಗ್ಗಿ ಯಾಕ? ಆಳು ಬರಾಕ ಇನ್ನ ಹೊತ್ತೈತಿ. ಹೋಗು, ಒಳಗ ಅಡ್ಡಾಗು. ಹಾಸಿಗಿ ಇನ್ನ ಬೆಚ್ಚಗೈತಿ."

"ಅಯ್ಯ, ಬ್ಯಾಡ್ರಿ ಅತ್ತಿ, ಮನ್ಯಾಗ ಕೆಲಸ..."

"ಹೋಗಂದ್ರ ಹೋಗವಾ."

ಗಿರಿಜಾ ಒಂದು ಗಳಿಗೆ ನಿಂತಳು. ಆಮೇಲೆ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಒಳಗೆ ಹೋದಳು. ಅವ್ವ ತನ್ನ ಮೈಮೇಲಿನ ಕೌದಿ ತೆಗೆದು ಅವಳಿಗೆ ಹೊದಿಸಿ ಬಂದಳು. ಚಹಾದ ಲೋಟ ನನ್ನ ಕೈಗೆ ಕೊಟ್ಟು, ದನಿ ತಗ್ಗಿಸಿ ಹೇಳಿದಳು:

"ನೀ ಹಾದಿ ಮ್ಯಾಲೆ ಹೋಗಿ ನಿಂದ್ರು. ಆಳು ಬಂದ್ರ ಗದ್ದಲಾ ಮಾಡಬ್ಯಾಡ್ರಿ ಅಂತ ಹೇಳು. ಆಕಿ ಮಲಗ್ಯಾಳ."